ಒಳಗನ್ನು ಕಂಡವಳು, ಹೊರಗನ್ನು ಹಿಡಿದವಳು

ಪಾರ್ಸೆಲ್ ವಿಂಗಡಿಸುವ ಆ ಹಜಾರದ ಹಿಂಬಾಗಿಲಿಗೆ ಬೆನ್ನು ತಾಗಿಸಿ ಎಕ್ಸ್-ರೇ ವ್ಯಾನು ನಿಂತು ತಿಂಗಳಾಗುತ್ತ ಬಂದಿತ್ತು. ಬೇರೊಂದು ಊರಿನ ಇಂಥದೇ ಹಜಾರದಲ್ಲಿ ರಟ್ಟಿನ ಪೆಟ್ಟಿಗೆಯೊಂದು ಸಿಡಿದು, ವಿಂಗಡಿಸುತ್ತಿದ್ದ ಹೆಂಗಸಿನ ಎರಡೂ ಅಂಗೈ ಹೋದ ಮೇಲೆ, ಕಟ್ಟಡದೊಳಗೆ ಯಂತ್ರ ಕೂರಿಸುವ ತನಕ ಇರಲೆಂದು ಈ ವ್ಯಾನನ್ನು ಕಳಿಸಿದ್ದರು. ಲಾರಿಗಳಿಂದ ಇಳಿದ ಪ್ರತಿಯೊಂದು ಪೆಟ್ಟಿಗೆಯೂ ವ್ಯಾನಿನ ಎಡಮಗ್ಗುಲಿನ ರಬ್ಬರು ಪರದೆಯನ್ನು ಸರಿಸಿ ಒಳಹೊಕ್ಕು, ಸೀಸದ ಗೋಡೆಗಳ ನಡುವಣ ಕತ್ತಲೆಯನ್ನು ಹಾದು, ಬಲಮಗ್ಗುಲಿನಲ್ಲಿ ಹೊರಬಂದು, ಅಲ್ಲಿಂದ ಜಾರುಹಲಗೆಯ ಮೇಲೆ ಹಜಾರಕ್ಕೆ ಇಳಿಯಬೇಕು. ಜಾರುಹಲಗೆ ಮುಗಿಯುವೆಡೆಯ ಮೊದಲ ಮೇಜು ಅಕ್ಕನದು. ವ್ಯಾನಿನ ಪುಟ್ಟ ಕೋಣೆಯಲ್ಲಿ ತೆರೆಯ ಮುಂದೆ ಕೂರುವವಳು ತಂಗಿ.

ತಾಯಿ ತೀರಿಕೊಂಡಾಗ ತಂಗಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅವಳ ಜಡೆ ಹೆಣೆದವಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವಳು, ಬೈದು ಓದಿಸಿದವಳು ಅಕ್ಕ. ಅಕ್ಕನಿಗೆ ಮದುವೆಯೆಂಬುದು ಬರಬೇಕಾದ ಕಾಲಕ್ಕೆ ಬರಲಿಲ್ಲ. ಬಂದ ಕಾಲಕ್ಕೆ ಅವಳೇ ಒಲ್ಲೆನೆಂದಳು. ಇಬ್ಬರೂ ಒಂದೇ ಸೂರಿನಡಿಯಿಂದ ಹೊರಟು ಒಂದೇ ಅಂಗಳಕ್ಕೆ ಬಂದು, ಒಬ್ಬಳು ಗೋಡೆಯ ಒಳಗೆ, ಒಬ್ಬಳು ಹೊರಗೆ ದುಡಿಯುತ್ತಿದ್ದರು.

ತಂಗಿಗೆ ಈ ಕೆಲಸ ಸಿಕ್ಕಿದಾಗ ಅಕ್ಕ ಮೂಗು ಮುರಿದಿದ್ದಳು. "ಊರಿನೋರ ಗಂಟು ಇಣುಕಿ ನೋಡೋದೂ ಒಂದು ಕೆಲ್ಸಾನೇನೇ? ಹೋಗ್ಲಿ, ನಾನು ಹೊರಗಿನ ವಿಳಾಸ ಓದ್ತೀನಿ, ನೀನು ಒಳಗಿನ ಗುಟ್ಟು ಓದು. ಆದ್ರೆ ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡಳು ಅನ್ನಿಸ್ಕೋಬೇಡ."

ತಂಗಿ ಕಣ್ಣು ಮುಚ್ಚಿದವಳಲ್ಲ. ತಾನು ಹೋಗಗೊಟ್ಟ ಪ್ರತಿಯೊಂದು ಪೆಟ್ಟಿಗೆಯೂ ಮರುಗಳಿಗೆಯಲ್ಲೇ ಅಕ್ಕನ ಅಂಗೈ ಮೇಲಿರುತ್ತದೆಂಬ ಅರಿವು ಅವಳನ್ನು ಒಂದು ಕ್ಷಣವೂ ಬಿಟ್ಟಿರಲಿಲ್ಲ. ತೆರೆಯ ಮೇಲೆ ಬಟ್ಟೆ, ಕಾಗದ, ತಿನಿಸುಗಳು ಕಿತ್ತಳೆಯ ಛಾಯೆಯಲ್ಲಿ, ಗಾಜು ಹಸುರಿನಲ್ಲಿ, ಕಬ್ಬಿಣ ನೀಲಿಯಲ್ಲಿ ತೋರುವುವು. ಜಗತ್ತಿನ ಸಮಸ್ತ ವಸ್ತುಗಳೂ ನಾಮವನ್ನು ಕಳಚಿ ಬರಿಯ ರೂಪವಾಗಿ, ಆ ರೂಪವೂ ನೆರಳಾಗಿ ತೇಲಿಬರುವ ಆ ಗಾಜನ್ನು ಅವಳು ಬೆಸುಗೆ ಬಿದ್ದ ದೃಷ್ಟಿಯಿಂದ ನೋಡುವಳು. ನೋಡುವುದಕ್ಕೆ ಹೊತ್ತು ಹಿಡಿಯುವುದು. ಹೊತ್ತು ಹಿಡಿದಷ್ಟೂ ಅಂಗಳದಲ್ಲಿ ಲಾರಿಗಳ ಸಾಲು ಬೆಳೆಯುವುದು. ಲಾರಿಗಳ ಸಾಲು ಬೆಳೆದಷ್ಟೂ ಮೇಲ್ವಿಚಾರಕನ ಮುಖ ಕೆಂಪಾಗುವುದು.

ವ್ಯಾನಿನ ಬಲಮಗ್ಗುಲಿನಲ್ಲಿ, ಪೆಟ್ಟಿಗೆಗಳು ಹೊರಬರುವೆಡೆ ಕಬ್ಬಿಣದ ಅಗುಳಿಯೊಂದಿತ್ತು. ಅದನ್ನು ಎತ್ತಿ ಪೆಟ್ಟಿಗೆಗಳನ್ನು ಜಾರುಹಲಗೆಗೆ ಇಳಿಸುವ ವೃದ್ಧನನ್ನು ಎಲ್ಲರೂ ಮೆಲ್ಲಣ್ಣನೆಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಅದು; ಯಾವ ವಸ್ತುವನ್ನೂ ದೊಪ್ಪನೆ ಹಾಕದ ಅವನ ಕೈಗೆ ಜನ ಇಟ್ಟದ್ದು. ತಂಗಿಯ ಕೈಗಳೆರಡೂ ಗುಂಡಿಗಳ ಮೇಲಿರುವುದರಿಂದ ಮೈಕಿನ ಪೆಡಲು ಕಾಲಕೆಳಗಿತ್ತು; ಅದನ್ನು ತುಳಿದರೆ ಅವಳ ದನಿ ಮೆಲ್ಲಣ್ಣನ ತಲೆಯ ಮೇಲಣ ಡಬ್ಬಿಯಲ್ಲಿ ಕೇಳುವುದು. ತರಬೇತಿಯವರು ಕಲಿಸಿದ ಸೂಚನಾವಾಕ್ಯಗಳು ಉದ್ದವಾಗಿದ್ದುವು, ಶುದ್ಧವಾಗಿದ್ದುವು. ಎರಡನೆಯ ದಿನಕ್ಕೇ ಸವೆದುಹೋದುವು. ಉಳಿದದ್ದು ಎರಡೇ ಮಾತು. 'ಬಿಡಿ' ಎಂದರೆ ಅಗುಳಿ ಎತ್ತುವುದು. 'ತಡೀರಿ' ಎಂದರೆ ಅಗುಳಿಯನ್ನು ಹಾಗೆಯೇ ಇರಿಸಿ ಹಿಂದೆ ಸರಿಯುವುದು.

ಹಜಾರದ ಒಳಗಂತೂ ಆ ಎರಡು ಮಾತಿಗೂ ಎಡೆಯಿರಲಿಲ್ಲ. ಬೆಲ್ಟಿನ ಗರ್ಜನೆಯಲ್ಲಿ ಬಾಯಿ ಅಲ್ಲಾಡುವುದಷ್ಟೇ ಕಾಣಿಸುವುದು. ಅಕ್ಕನೂ ಸಂಗಡಿಗರೂ ಕಿವಿಗೆ ಹತ್ತಿ ತುರುಕಿಕೊಂಡು ಕೈಸನ್ನೆಯಲ್ಲಿ ಸಂಸಾರ ನಡೆಸುತ್ತಿದ್ದರು. ತೋರುಬೆರಳು ಕೆಳಗೆ ಮಾಡಿದರೆ 'ಭಾರ ಇದೆ'. ಮುಷ್ಟಿ ತೋರಿಸಿದರೆ 'ನನ್ನದಲ್ಲ'. ಅಂಗೈ ಎತ್ತಿ ಹಿಡಿದರೆ 'ಇತ್ತ ಎಸೆ'. ಹಾಗೆ ಎಸೆದ ಪಾರ್ಸೆಲ್ಲು ಮೂರು ಮೇಜುಗಳನ್ನು ಹಾರಿ ಸರಿಯಾದ ಚೀಲಕ್ಕೇ ಬೀಳುತ್ತಿತ್ತು. ಎಸೆಯುವುದರಲ್ಲಿ ಅಕ್ಕನದು ಎತ್ತಿದ ಕೈ.

ಆ ದಿನ ಬಿಸಿಲೇರುವ ಹೊತ್ತಿಗೆ ಮೇಲ್ವಿಚಾರಕ ವ್ಯಾನಿನ ಕೋಣೆಯ ಬಾಗಿಲನ್ನು ತಟ್ಟದೆಯೇ ತೆರೆದು ತಂಗಿಯ ಬೆನ್ನ ಹಿಂದೆ ನಿಂತ.

"ಏನಮ್ಮಾ, ಒಂದೊಂದು ಪೆಟ್ಟಿಗೆಗೂ ಜಾತಕ ಬರೀತಾ ಇದ್ಯಾ? ಒಳಗೆ ಮೇಜುಗಳು ಖಾಲಿ. ಹೊರಗೆ ಲಾರಿ ಡ್ರೈವರುಗಳು ನನ್ನ ಮೂರು ತಲೆಮಾರನ್ನ ಎತ್ತಿ ಆಡ್ತಿದ್ದಾರೆ."

"ನೋಡ್ತಾ ಇದ್ದೀನಿ ಸರ್."

"ನೋಡು, ಬೇಡ ಅನ್ನಲ್ಲ. ಆದ್ರೆ ಕಣ್ಣಲ್ಲಿ ನೋಡು, ಕನಸಲ್ಲಿ ನೋಡಬೇಡ. ಅಕ್ಕ ಆ ಕಡೆ ಇದ್ದಾಳೆ ಅಂತ ಇಡೀ ಊರಿನ ಟಪಾಲು ನಿಲ್ಸೋಕಾಗುತ್ತಾ?"

ತಂಗಿಯ ಕಿವಿ ಬಿಸಿಯಾಯಿತು. ಪೆಟ್ಟಿಗೆಗಳು ತೆರೆಯ ಮೇಲೆ ತೇಲಿದುವು: ಒಂದು ಜೊತೆ ಪಾದರಕ್ಷೆ, ಮಡಿಸಿದ ಬಟ್ಟೆ, ಗಾಜಿನ ಭರಣಿ. ಅವಳ ಮೌನ ಮೇಲ್ವಿಚಾರಕನಿಗೆ ನಾಟಿತೇನೋ. ಸ್ವಭಾವದಿಂದ ಅವನು ಕೆಟ್ಟವನಲ್ಲ. ಮೇಲಿನವರ ಒತ್ತಡವನ್ನು ಕೆಳಕ್ಕೆ ದಾಟಿಸುವ ಕೊಳವೆಯಾಗಿ ಬಹುಕಾಲ ಬಾಳಿದವನು. ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಮ್ಮ. ಬೆಳಗ್ಗೆಯಿಂದ ತಲೆ ಕೆಟ್ಟೋಗಿದೆ. ಏನೋ ಅಂದ್ಬಿಟ್ಟೆ," ಎಂದ.

ಅದೇ ಕ್ಷಣದಲ್ಲಿ ಆ ಪೆಟ್ಟಿಗೆ ತೆರೆಗೆ ಬಂತು.

ಕಿತ್ತಳೆ ಬಣ್ಣದ ಒಂದು ಗಟ್ಟಿ ಮುದ್ದೆ. ಸಾಬೂನೂ ಹಾಗೆಯೇ ಕಾಣುವುದು, ಬೆಲ್ಲವೂ ಹಾಗೆಯೇ ಕಾಣುವುದು. ಆದರೆ ಸಾಬೂನಿಗೆ ಒರಗಿ ನೀಲಿಯ ಬ್ಯಾಟರಿಗಳಿರುವುದಿಲ್ಲ. ಬೆಲ್ಲದೊಳಗೆ ಕೂದಲೆಳೆಯಂಥ ತಂತಿಗಳು ಹೊಕ್ಕಿರುವುದಿಲ್ಲ. ಹಗ್ಗದಲ್ಲಿ ಹಾವನ್ನು ಕಾಣುವ ಭ್ರಮೆಯುಂಟು. ಹಾವನ್ನೇ ಹಗ್ಗವೆಂದು ಹಿಡಿಯುವುದೂ ಉಂಟು. ಇದು ಯಾವುದೆಂದು ನಿಶ್ಚಯಿಸಲು ಅವಳಿಗೆ ಇನ್ನೊಂದು ಉಸಿರಿನಷ್ಟು ಕಾಲ ಬೇಕಿತ್ತು. ಅಷ್ಟರಲ್ಲಿ ತಡೆಯುವ ಮಾತು ಸಿದ್ಧವಿರಲೆಂದು ಅವಳ ಪಾದ ತಾನಾಗಿ ಪೆಡಲನ್ನು ತುಳಿಯಿತು.

ಹಿಂದೆ ಮೇಲ್ವಿಚಾರಕ ಇನ್ನೂ ಮಾತನಾಡುತ್ತಲೇ ಇದ್ದ. "ಮನಸ್ಸಿಗೆ ಹಚ್ಕೋಬೇಡ. ನಂಗೂ ನಿನ್ ವಯಸ್ಸಿನ ಮಗಳಿದ್ದಾಳೆ..."

ಅವನೊಮ್ಮೆ ಸುಮ್ಮನಾದರೆ ಸಾಕೆಂದು, ಕಣ್ಣನ್ನು ತೆರೆಯಿಂದ ಕದಲಿಸದೆ, ತಂಗಿ ಎಂದಳು: "ಹೋಗ್ಲಿ ಬಿಡಿ ಸರ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊರಗಿನ ಡಬ್ಬಿಯಲ್ಲಿ ಆ ಮಾತು ಗರಗರನೆ ಮೊಳಗಿತು. ಅಗುಳಿ ಮೇಲೇಳುವ ಸದ್ದನ್ನು ಕೇಳಿಸಿಕೊಂಡು ಅವಳು, "ತಡೀರಿ! ತಡೀರಿ!" ಎಂದು ಕಿರುಚುವುದರೊಳಗೆ ಜಾರುಹಲಗೆಯ ಮೇಲೆ ರಟ್ಟು ಉಜ್ಜಿಹೋಗುವ ಮೆತ್ತನೆಯ ಸದ್ದೂ ಬಂದು ಮುಗಿದಿತ್ತು.

ಮೆಲ್ಲಣ್ಣನ ಮುಖ ಕಿಟಕಿಯ ಗಾಜಿಗೆ ಬಂತು. "ಯಾವುದನ್ನ ತಡೀಲಮ್ಮಾ? ಬಿಡಿ ಅಂದ್ರಿ, ಬಿಟ್ಟೆ. ಹೋಗ್ಲಿ ಅಂತ ಬೇರೆ ಹೇಳಿದ್ರಿ."

ತಂಗಿ ಚಿತ್ರವನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡಿದಳು. ಭ್ರಮೆಯಾಗಿದ್ದರೆ ಒಳಿತಿತ್ತು. ಆಗಿರಲಿಲ್ಲ. ಅವಳ ಮುಖದಿಂದಲೇ ವಿಷಯ ತಿಳಿದ ಮೇಲ್ವಿಚಾರಕ ಗೋಡೆಯ ಕೆಂಪು ಗುಂಡಿಗೆ ಕೈ ಚಾಚಿದ. ತಂಗಿ ಅವನ ಮಣಿಕಟ್ಟನ್ನು ಹಿಡಿದಳು.

"ಬೇಡ ಸರ್! ಅದನ್ನ ಒತ್ತಿದ್ರೆ ಒಳಗೆ ಹೊಡೆಯೋದು ಪಾಳಿ ಬದಲಾಗೋ ಗಂಟೇನೇ. ಆ ಗಂಟೆ ಕೇಳಿದ್ರೆ ಕೈಲಿರೋದನ್ನೆಲ್ಲ ಚೀಲಕ್ಕೆ ಬೀಸಿ ಎದ್ದು ಬರ್ತಾರೆ. ಅಕ್ಕ ಮೊದಲನೇವಳು."

"ಹಾಗಾದ್ರೆ ಫೋನು..."

"ಅದರ ಹತ್ರ ಫೋನು ಬೇಡ ಸರ್. ಯಾವ ಅಲೆಗೆ ಏನು ಕೆರಳುತ್ತೋ! ನೀವು ಬೀದಿಯ ಆ ತುದಿಗೆ ಹೋಗಿ ಬಾಂಬ್ ನಿಷ್ಕ್ರಿಯ ದಳದೋರನ್ನ ಕರೀರಿ. ನಾನು ಒಳಗೆ ಹೋಗ್ತೀನಿ."

"ಯಾವ ಪೆಟ್ಟಿಗೆ ಅಂತ ಹುಡುಕ್ತೀಯಾ? ಬಣ್ಣ ಏನು?"

ಬಣ್ಣ ತಂಗಿಗೆ ಗೊತ್ತಿರಲಿಲ್ಲ. ಅದರ ಕರುಳು ಗೊತ್ತಿತ್ತು, ಎಲುಬು ಗೊತ್ತಿತ್ತು, ತೊಗಲು ಗೊತ್ತಿರಲಿಲ್ಲ. ತೆರೆಯ ಮುಂದೆ ಕೂತವಳಿಗೆ ಯಾವ ಪೆಟ್ಟಿಗೆಗೂ ಹೊರಮೈಯೆಂಬುದೇ ಇರುವುದಿಲ್ಲ.

"ಮೆಲ್ಲಣ್ಣಾ, ಈಗ ಹೋದದ್ದು ಎಂಥದ್ದು?"

"ನಾಲ್ಕೈದು ಒಟ್ಟಿಗೆ ಹೋದ್ವಲ್ಲಮ್ಮ. ಒಂದು ಉದ್ದದ್ದು, ಒಂದು..."

"ಒಂದು ಅಂಚಿಗೆ ಪಿನ್ನು ಹೊಡೆದಿತ್ತು. ಒತ್ತೊತ್ತಾಗಿ, ಹೊಲಿಗೆ ಹಾಕಿದ ಹಾಗೆ. ಒಂದೇ ಕಡೆ."

ಮೆಲ್ಲಣ್ಣ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಹೆಬ್ಬೆರಳಿನ ತುದಿಯಲ್ಲಿ ರಕ್ತದ ಒಂದು ಚುಕ್ಕೆಯಿತ್ತು. "ಇದಾ ಚುಚ್ಚಿದ್ದು! ಕಂದು ಕಾಗದ ಸುತ್ತಿದ್ದು, ಹಸಿರು ದಾರ ಕಟ್ಟಿದ್ದು. ಇಷ್ಟಗಲ." ಎರಡು ಕೈಗಳ ನಡುವೆ ಗಾಳಿಯಲ್ಲಿ ಒಂದು ಪೆಟ್ಟಿಗೆಯನ್ನು ಕಟ್ಟಿ ತೋರಿಸಿದ. "ಅಯ್ಯೋ ದೇವರೇ, ನನ್ ಕೈಯಾರೆ..."

"ಆಮೇಲೆ ಅಳೋಣ ಮೆಲ್ಲಣ್ಣಾ. ನೀವು ಹಜಾರದ ಮೇಸ್ತ್ರಿ ಹತ್ರ ಹೋಗಿ. ಗದ್ದಲ ಆಗದ ಹಾಗೆ ಎಲ್ಲರನ್ನೂ ಮುಂಬಾಗಿಲಿಂದ ಕಳಿಸ್ಬೇಕು. ಬೆಲ್ಟು ನಿಲ್ಸೋದು ಬೇಡ, ನಿಂತಾಗ ಜಗ್ಗುತ್ತೆ."

ಓಡಬಾರದು. ಓಡುವವಳನ್ನು ಕಂಡರೆ ಓಡುವುದು ಜನರ ಸಹಜಗುಣ. ತಂಗಿ ಸೆರಗನ್ನು ಸರಿಪಡಿಸಿಕೊಳ್ಳುವವಳಂತೆ ಬಿಗಿದು ಹಿಡಿದು, ಗೋಡೆಗುಂಟ ನಡೆದು, ಪಕ್ಕದ ಕಿರುಬಾಗಿಲಿನಿಂದ ಹಜಾರವನ್ನು ಹೊಕ್ಕಳು. ಬೆಲ್ಟಿನ ಸದ್ದು ನೀರಿನಂತೆ ಅವಳ ತಲೆಯ ಮೇಲೆ ಮುಚ್ಚಿಕೊಂಡಿತು. ಪ್ರತಿ ಹೆಜ್ಜೆಗೂ ಅವಳು ಇಷ್ಟದೈವವನ್ನು ನೆನೆದಳು. ಬೇಡಿಕೊಳ್ಳಲು ವಾಕ್ಯ ಕೂಡಲಿಲ್ಲ, ಬರಿಯ ಹೆಸರು ಉಳಿಯಿತು.

ಅಕ್ಕ ಮೇಜಿನ ಬಳಿ ನಿಂತಿದ್ದಳು. ಉದ್ದನೆಯ ಪೆಟ್ಟಿಗೆಯೊಂದನ್ನು ಎತ್ತಿದಳು, ವಿಳಾಸ ಓದಿದಳು, ಬೀಸಿದಳು; ಅದು ಮೂರು ಮೇಜುಗಳಾಚೆ ಚೀಲದ ಬಾಯೊಳಗೆ ಬಿತ್ತು. ಇನ್ನೊಂದನ್ನು ಎತ್ತಿದಳು, ಬೀಸಿದಳು. ಮೂರನೆಯದಕ್ಕೆ ಕೈ ಚಾಚಿದಳು. ಕಂದು ಕಾಗದ. ಹಸಿರು ದಾರ.

ತಂಗಿ ಕೂಗಿದಳು. ತನ್ನ ಕೂಗು ತನಗೇ ಕೇಳಿಸಲಿಲ್ಲ.

ಆ ಕ್ಷಣದಲ್ಲಿ ಅವಳ ಬುದ್ಧಿಯಿಂದಲ್ಲದೆ ಅವಳ ದೇಹದಿಂದ ಒಂದು ಕೆಲಸ ನಡೆದುಹೋಯಿತು. ನಿಲ್ಲು ಎನ್ನಲು ಲೋಕದಲ್ಲಿ ಯಾರಾದರೂ ಮಾಡುವ ಹಾಗೆ ಅವಳು ಅಂಗೈಯನ್ನು ಎತ್ತಿ ಮುಂದೆ ಹಿಡಿದಳು.

ಅಕ್ಕ ತಲೆಯೆತ್ತಿ ನೋಡಿದಳು. ತಂಗಿ ಈ ಹೊತ್ತಿನಲ್ಲಿ ಇಲ್ಲೇಕೆಂದು ಹುಬ್ಬು ಮೇಲೇರಿತು. ಎತ್ತಿದ ಅಂಗೈ ಕಂಡೊಡನೆ ಮುಖದಲ್ಲಿ ನಗೆ ಸುಳಿಯಿತು. ಪೆಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ ದಾಟಿಸಿ, ಎಸೆಯಲೆಂದು ತೋಳನ್ನು ಹಿಂದಕ್ಕೆ ತೆಗೆದಳು.

ಇಲ್ಲಿ ಎತ್ತಿದ ಅಂಗೈಗೆ ಅರ್ಥವೇನೆಂಬುದು ತಂಗಿಗೆ ಮಿಂಚಿದ್ದು ಆಗ. ಕೈಯನ್ನು ಸರ್ರನೆ ಕೆಳಗೆಳೆದಳು. ಸಾಲದು, ತೋಳು ಇನ್ನೂ ಹಿಂದೆಯೇ ಇತ್ತು. ಬೇರೆ ಯಾವ ಸನ್ನೆಯೂ ಹೊಳೆಯಲಿಲ್ಲ. ಕಾಲಿನ ಬಲವನ್ನೆಲ್ಲ ಬಿಟ್ಟು ಅವಳು ನಿಂತಲ್ಲೇ ನೆಲಕ್ಕೆ ಕುಸಿದಳು.

ಕುಸಿದವಳ ಕಡೆಗೆ ಯಾರೂ ಪೆಟ್ಟಿಗೆ ಎಸೆಯರು. ಆದರೆ ಸಾಕಿದ ಮಗು ಬಿದ್ದದ್ದನ್ನು ಕಂಡ ಹೆಣ್ಣು ಕೈಯಲ್ಲಿರುವುದನ್ನು ಮೇಜಿನ ಮೇಲಿಡಲೂ ನಿಲ್ಲುವುದಿಲ್ಲ. ಅಕ್ಕ ಪೆಟ್ಟಿಗೆಯನ್ನು ಎಡಗಂಕುಳಿಗೆ ಅಮರಿಸಿಕೊಂಡು ಓಡಿಬಂದಳು. ಬಂದವಳು ಮಂಡಿಯೂರಿ, ತಂಗಿಯ ಮುಖ ನೋಡಲೆಂದು ಬಗ್ಗಿದಳು. ಬಗ್ಗಿದಾಗ ಕಂಕುಳಿನಲ್ಲಿದ್ದ ಪೆಟ್ಟಿಗೆ ಓರೆಯಾಯಿತು. ಅದರೊಳಗೆ ಏನೋ ಟಕ್ಕೆಂದಿತು.

ಆ ಸದ್ದು ಕಿವಿಗೆ ಕೇಳಲಿಲ್ಲ. ಅಷ್ಟರೊಳಗೆ ಪೆಟ್ಟಿಗೆಯ ಕೆಳಗೆ ಎರಡೂ ಅಂಗೈ ಚಾಚಿದ್ದ ತಂಗಿಯ ಕೈಗೆ ತಿಳಿಯಿತು.

"ಅಲ್ಲಾಡ್ಬೇಡ ಅಕ್ಕ," ಎಂದಳು ಅಕ್ಕನ ಕಿವಿಯ ಹತ್ತಿಗೇ ತುಟಿ ತಾಗಿಸಿ. "ಹೀಗೇ ಇರು. ಹೇಗಿದೆಯೋ ಹಾಗೇ ಇರ್ಲಿ."

ಅಕ್ಕ ಪೆಟ್ಟಿಗೆಯನ್ನು ನೋಡಿದಳು, ತಂಗಿಯ ಮುಖವನ್ನು ನೋಡಿದಳು. ತಂಗಿಯ ಕೆಲಸವೇನೆಂದು ಅವಳಿಗೆ ಗೊತ್ತಿತ್ತು. ಮತ್ತೊಂದು ಮಾತು ಬೇಕಾಗಲಿಲ್ಲ. ಮಂಡಿಯೂರಿದ್ದವಳು ಮಂಡಿಯೂರಿದಂತೆಯೇ ಕಲ್ಲಾದಳು.

ಅತ್ತ ಮೆಲ್ಲಣ್ಣ ಮೇಸ್ತ್ರಿಯ ಕಿವಿಯಲ್ಲಿ ಹೇಳಬೇಕಾದದ್ದನ್ನು ಹೇಳಿದ್ದ. ಮೇಸ್ತ್ರಿ ಚತುರನು. ಮೇಜಿನಿಂದ ಮೇಜಿಗೆ ನಿಧಾನವಾಗಿ ನಡೆದು, ಒಬ್ಬೊಬ್ಬರ ಹತ್ತಿಯನ್ನೂ ಕೀಳಿಸಿ, "ಮುಂದಿನ ಅಂಗಳಕ್ಕೆ ಹೋಗಿ, ಸಂಬಳ ಏರಿಸೋ ವಿಚಾರ ಮಾತಾಡೋಕೆ ಯಾರೋ ಬಂದಿದ್ದಾರಂತೆ. ಕೈಲಿರೋದನ್ನ ಮೆತ್ತಗೆ ಇಟ್ಟು ಹೋಗಿ, ಒಳ್ಳೇ ಹೆಸರು ಬರ್ಲಿ," ಎಂದ. ಆ ಹಜಾರವು ಅಷ್ಟು ಶೀಘ್ರವಾಗಿ, ಅಷ್ಟು ಶಾಂತವಾಗಿ ಎಂದೂ ಬರಿದಾಗಿರಲಿಲ್ಲ. ಖಾಲಿ ಬೆಲ್ಟು ತನ್ನಷ್ಟಕ್ಕೆ ಉರುಳುತ್ತಿತ್ತು. ಮೇಸ್ತ್ರಿ ಅದರ ವೇಗವನ್ನು ಮೆಲ್ಲಮೆಲ್ಲನೆ ಇಳಿಸಿ, ಕೊನೆಗೆ ಜಗ್ಗದಂತೆ ನಿಲ್ಲಿಸಿ, ತಾನೂ ಹೊರನಡೆದ. ಮೆಲ್ಲಣ್ಣ ಮಾತ್ರ ಕಿರುಬಾಗಿಲಲ್ಲಿ ನಿಂತೇ ಇದ್ದ. ತಂಗಿ ಕಣ್ಣಿನಿಂದಲೇ ಅಟ್ಟಿದ ಮೇಲೆ ಸರಿದ.

ನಿಶ್ಶಬ್ದ ಎಷ್ಟು ದಟ್ಟವಾಗಿತ್ತೆಂದರೆ ಪರಸ್ಪರರ ಉಸಿರು ಕೇಳಿಸುತ್ತಿತ್ತು.

"ಈಗ ಹೇಳು," ಎಂದಳು ಅಕ್ಕ. "ಒಳಗೇನಿದೆ?"

"ಒಳ್ಳೇದಿಲ್ಲ."

"ಅದು ನಿನ್ ಮೂತಿ ನೋಡಿದ್ರೇ ಗೊತ್ತಾಗುತ್ತೆ. ಕೆಳಗಿಡಬಹುದಾ?"

"ಗೊತ್ತಿಲ್ಲ ಅಕ್ಕ. ಏನಿದೆ ಅಂತ ನೋಡಿದೆ, ಯಾತಕ್ಕೆ ಕೆರಳುತ್ತೆ ಅಂತ ಕಾಣಲ್ಲ. ಅಲ್ಲಾಡಿದ್ರೋ, ನೆಟ್ಟಗೆ ಮಾಡಿದ್ರೋ... ಆಗ ಒಳಗೆ ಏನೋ ಸರಿದು ಕೂತಿದೆ. ಅದನ್ನ ಮತ್ತೆ ಏಳಿಸೋದು ಬೇಡ. ದಳದೋರು ಬರ್ತಾರೆ."

"ಹಾಗಾದ್ರೆ ನೀನು ಎದ್ದು ಹೊರಗೆ ಹೋಗು. ಇದಕ್ಕೆ ಒಬ್ಬಳು ಸಾಕು."

"ನನ್ ಎರಡೂ ಕೈ ಇದರ ಕೆಳಗಿದೆ."

"ತೆಗಿ. ಮೆತ್ತಗೆ ತೆಗಿ."

"ತೆಗ್ಯಲ್ಲ."

"ಹಟ ಮಾಡ್ಬೇಡ ಕಣೇ. ಚಿಕ್ಕಂದಿನಿಂದ ಇದೇ ಆಯ್ತು ನಿಂದು. ಇಷ್ಟು ವರ್ಷ ಸಾಕಿದ್ದು ಹೀಗೆ ಇಬ್ಬರೂ ಒಟ್ಟಿಗೆ ಹೋಗೋಕಾ?"

"ಬೈಬೇಡ ಅಕ್ಕ. ಬೈದ್ರೆ ನಿನ್ ಹೆಗಲು ಕುಣಿಯುತ್ತೆ."

ಅಕ್ಕನ ಬಾಯಿ ಮುಚ್ಚಿತು. ಹೆಗಲು ಕುಣಿಯುವುದು ನಿಜವಾಗಿತ್ತು.

ಜೀವ ಕೈಯಲ್ಲಿ ಹಿಡಿದು ಕೂರುವುದೆಂಬ ಮಾತನ್ನು ಇಬ್ಬರೂ ಬಾಳಿನಲ್ಲಿ ಎಷ್ಟೋ ಸಲ ಆಡಿದ್ದರು, ಕೇಳಿದ್ದರು. ಅದಕ್ಕೆ ಇಷ್ಟು ತೂಕವಿರುವುದೆಂದು ಅರಿತಿರಲಿಲ್ಲ. ತಂಗಿಯ ಮೊಣಕೈಗಳು ಸೋತು ಬರುತ್ತಿದ್ದುವು. ಅಕ್ಕನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತು ಬಿತ್ತು. ಮತ್ತೊಂದು ಹನಿ ಬಂದು ನಿಂತಿತು.

"ಮೂಗು ತುರಿಸ್ತಿದೆ," ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು.

"ತಡ್ಕೋ."

"ತಡ್ಕೊಳ್ಳೋ ಹಾಗಿದ್ರೆ ನಿಂಗ್ಯಾಕೆ ಹೇಳ್ತಿದ್ದೆ? ಸೀನು ಬಂದ್ರೆ ಇಬ್ಬರೂ ಗೋವಿಂದ!"

ತಂಗಿ ಕತ್ತನ್ನು ಮಾತ್ರ ಮುಂದೆ ಚಾಚಿ, ತನ್ನ ಹಣೆಯಿಂದ ಅಕ್ಕನ ಮೂಗನ್ನು ಉಜ್ಜಿದಳು. ಒಮ್ಮೆ, ಎರಡು ಸಲ.

"ಇನ್ನೂ ಎಡಕ್ಕೆ. ಹ್ಞಾ, ಅಲ್ಲೇ. ಸಾಕು. ಎಣ್ಣೆ ಮೆತ್ತಿದ್ದೀಯಲ್ಲೇ ತಲೆಗೆ, ಜಿಡ್ಡು."

ನಗು ಬಂತು. ನಗಬಾರದೆಂದು ಇಬ್ಬರೂ ಉಸಿರು ಬಿಗಿಹಿಡಿದರು. ಬಿಗಿಹಿಡಿದದ್ದರಿಂದ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆ ಅವರ ನಡುವೆ ಮಲಗಿದ ಕೂಸಿನಂತೆ ಸುಮ್ಮನಿತ್ತು.

ಅಕ್ಕನ ಕಣ್ಣಿಗೆ ವಿಳಾಸದ ಚೀಟಿ ತಲೆಕೆಳಗಾಗಿ ಕಾಣುತ್ತಿತ್ತು. ಬಹುಕಾಲದ ಅಭ್ಯಾಸದಿಂದ ಅದನ್ನು ಓದಿದಳು. "ಅಕ್ಷರ ನೋಡಿದ್ಯಾ? ಎಷ್ಟು ದುಂಡಗೆ ಬರೆದಿದ್ದಾನೆ. ದಿನಕ್ಕೆ ಇಷ್ಟು ವಿಳಾಸ ಓದ್ತೀನಿ, ಹೀಗೆ ಮುತ್ತು ಪೋಣಿಸಿದ ಹಾಗೆ ಬರೆಯೋರು ಒಬ್ಬರೂ ಇಲ್ಲ. ಇಂಥ ಅಕ್ಷರ ಇರೋನು ಹೀಗೆ ಮಾಡ್ತಾನೇನೇ?"

ಚೀಟಿಯನ್ನು ತಂಗಿ ಆಗಷ್ಟೇ ಮೊದಲ ಬಾರಿಗೆ ನೋಡಿದ್ದಳು. ಅಕ್ಷರಗಳು ಸುಂದರವಾಗಿದ್ದುವು. ಒಳಗಣ ತಂತಿಗಳನ್ನೂ ಅಷ್ಟೇ ಸಾವಧಾನವಾಗಿ, ಅಷ್ಟೇ ಅಂದವಾಗಿ ಹಾಸಿದ್ದುದು ಅವಳಿಗೆ ನೆನಪಾಯಿತು.

"ಅಕ್ಕ," ಎಂದಳು. "ಇದು ನಿನ್ ಹತ್ರ ಬಂದದ್ದು ನನ್ನಿಂದ."

"ಗೊತ್ತು. ಬರೋದೆಲ್ಲ ನಿನ್ನಿಂದಾನೇ ಬರುತ್ತೆ."

"ಹಾಗಲ್ಲ. ಕಂಡಿತ್ತು ನಂಗೆ. ಕಂಡ ಮೇಲೆ ಹೋಯ್ತು. ಮೇಲ್ವಿಚಾರಕರಿಗೆ ಏನೋ ಅಂದೆ, ಅದು ಮೆಲ್ಲಣ್ಣಂಗೆ ಕೇಳಿಸ್ತು."

"ಏನಂದೆ?"

ತಂಗಿ ಹೇಳಿದಳು.

"ಅಷ್ಟೇನಾ?" ಅಕ್ಕನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು. "ಆ ಮಾತನ್ನ ನಾನು ದಿನಕ್ಕೆ ಹತ್ತು ಸಲ ಅಂತೀನಲ್ಲೇ."

ಆಗ ಕಿರುಬಾಗಿಲಲ್ಲಿ ನೆರಳು ಬಿತ್ತು. ದಪ್ಪನೆಯ ಕವಚ ತೊಟ್ಟ ಇಬ್ಬರು, ನೀರಿನಡಿಯಲ್ಲಿ ನಡೆಯುವವರಂತೆ ಬಂದರು. ಹಿರಿಯನು ಮಂಡಿಯೂರಿ, ಪೆಟ್ಟಿಗೆಯ ಸುತ್ತ ಕಣ್ಣಾಡಿಸಿ, ಯಾವ ಕುಶಲಪ್ರಶ್ನೆಯನ್ನೂ ಕೇಳದೆ, "ಒಳಗಿನ ಚಿತ್ರ ವ್ಯಾನಲ್ಲಿ ನೋಡ್ಕೊಂಡು ಬಂದಿದ್ದೀನಿ. ಓರೆ ಮಾಡಿದ್ದು ಯಾವಾಗ?" ಎಂದ.

"ಅಕ್ಕ ಬಗ್ಗಿದಾಗ. ಒಳಗೆ ಟಕ್ ಅಂತು."

"ಆಮೇಲೆ?"

"ಆಮೇಲೆ ಕದಲಿಸಿಲ್ಲ."

ಆತ ತಲೆಯಾಡಿಸಿದ. "ಇನ್ನು ಸ್ವಲ್ಪ ಹೊತ್ತು, ತಾಯಿ. ನಿಮ್ಮ ತೋಳಿನ ಬದಲು ಮರಳು ನಿಲ್ಲಿಸ್ತೀವಿ."

ಪುಟ್ಟ ಪುಟ್ಟ ಮರಳಿನ ಚೀಲಗಳನ್ನು ಒಂದೊಂದಾಗಿ ಪೆಟ್ಟಿಗೆಯ ಕೆಳಗೆ, ಮಗ್ಗುಲಿಗೆ, ಅಕ್ಕನ ತೋಳಿನ ಬಾಗು ಹೇಗಿತ್ತೋ ಹಾಗೆಯೇ ಒಟ್ಟತೊಡಗಿದರು. ತಂಗಿಯ ಕೈ ಮೊದಲು ಹೊರಬಂತು. ಅವಳನ್ನು ಹೋಗೆಂದರು, ಹೋಗಲಿಲ್ಲ. ಕಂಕುಳಿನ ಬೆವರಿಗೆ ಕಂದು ಕಾಗದ ಅಂಟಿಕೊಂಡಿತ್ತು. ಹಿರಿಯನು ತೆಳ್ಳನೆಯ ಹಲಗೆಯೊಂದನ್ನು ನಡುವೆ ತೂರಿಸಿ, ಕೂದಲೆಳೆ ಕೂದಲೆಳೆಯಾಗಿ ಅದನ್ನು ಬಿಡಿಸಿದ. ಕಾಗದ ಸುಲಿಯುವ ಸದ್ದು ಆ ಹಜಾರದಲ್ಲಿ ಗುಡುಗಿನಂತೆ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು.

"ಈಗ ತೋಳು ತೆಗೀರಿ."

ಅಕ್ಕನ ತೋಳು ಹೊರಬಂತು. ಪೆಟ್ಟಿಗೆ ಮರಳಿನ ತೋಳಿನಲ್ಲಿ ಉಳಿಯಿತು.

ಇಬ್ಬರೂ ಮುಂದಿನ ಅಂಗಳವನ್ನು ದಾಟಿ, ಗೋಡೆಯಾಚೆ ಕೂಡಿದ್ದ ಸಂಗಡಿಗರ ನಡುವೆ ಬಂದು ನಿಂತ ಮೇಲೂ ಅಕ್ಕನ ಎಡತೋಳು ಮಡಿಸಿದ್ದು ಮಡಿಸಿದಂತೆಯೇ ಇತ್ತು. ತಂಗಿ ಅದನ್ನು ಒತ್ತಿ ನೀವಿದಳು; ನೆಟ್ಟಗಾಗಲಿಲ್ಲ. ದಳದವರು ಕಬ್ಬಿಣದ ಪೀಪಾಯಿಯೊಂದನ್ನು ಗಾಡಿಗೇರಿಸಿ ನಿಧಾನವಾಗಿ ಬಯಲಿನ ಕಡೆಗೆ ಒಯ್ದರು. ಬಹಳ ಹೊತ್ತಾದ ಮೇಲೆ ಆ ಕಡೆಯಿಂದ ಒಂದು ಸದ್ದು ಬಂತು. ಹಜಾರದ ಕಿಟಕಿಗಳೆಲ್ಲ ಒಮ್ಮೆ ಹಲ್ಲು ಕಡಿದುವು. ಹಕ್ಕಿಗಳು ಎದ್ದುವು.

ಹಾಗಾದರೆ ಅದು ಹಾವೇ ಆಗಿತ್ತು.

ಅಕ್ಕ ಗೋಡೆ ಹಿಡಿದು ಬಗ್ಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ತಿರುಗಿ, ಬಲಗೈಯಿಂದ ತಂಗಿಯ ಕೆನ್ನೆಗೆ ಒಂದು ಏಟು ಹಾಕಿದಳು. "ಹೋಗು ಅಂದಾಗ ಹೋಗ್ಲಿಲ್ವಲ್ಲೇ!" ಎಂದಳು. ಅನಂತರ ಆ ಕೆನ್ನೆಯನ್ನೇ ತನ್ನ ಹೆಗಲಿಗೆ ಒತ್ತಿಕೊಂಡಳು.

ಹಿರಿಯ ಅಧಿಕಾರಿಯೊಬ್ಬ ಬಂದ. ಅಗುಳಿ ಎತ್ತಿದ್ದು ಯಾರೆಂದು ಕೇಳಿದ. "ನಾನು," ಎಂದ ಮೆಲ್ಲಣ್ಣ. "ನಾನು ಹೇಳಿದ್ದಕ್ಕೆ ಎತ್ತಿದ್ರು," ಎಂದಳು ತಂಗಿ. ಮೇಲ್ವಿಚಾರಕ ಗಂಟಲು ಸರಿಪಡಿಸಿಕೊಂಡು, "ಅವಳು ಹೇಳಿದ್ದು ನಂಗೆ ಸರ್. ಕೆಲಸದ ಮಧ್ಯೆ ಹೋಗಿ ಮಾತಾಡಿಸಿದ್ದು ನಾನು," ಎಂದ. ಅಧಿಕಾರಿ ಮೂವರನ್ನೂ ನೋಡಿ, ವಿಚಾರಣೆಯಾಗುತ್ತದೆ, ಅದು ಮುಗಿಯುವ ತನಕ ಈಕೆ ತೆರೆಯ ಮುಂದೆ ಕೂರಬಾರದು, ಬೇರೆ ಊರಿನಿಂದ ಒಬ್ಬರನ್ನು ಕರೆಸುತ್ತೇನೆ, ಅಷ್ಟರಲ್ಲಿ ಹಜಾರದಲ್ಲಿ ಉಳಿದ ಪೆಟ್ಟಿಗೆಗಳನ್ನು ವಿಂಗಡಿಸಿ ಮುಗಿಸಿ ಎಂದ.

ಯಾರೂ ಕದಲಲಿಲ್ಲ.

"ಉಳಿದದ್ದು ಆಗಲೇ ನೋಡಿದ ಪೆಟ್ಟಿಗೆಗಳಲ್ವಾ? ಏನು ಭಯ?"

"ಇದೂ ನೋಡಿದ್ದೇ ಆಗಿ ಬಂತಲ್ಲ ಸ್ವಾಮಿ," ಎಂದಳು ಅಕ್ಕ. "ಎಲ್ಲಾನೂ ಇನ್ನೊಂದ್ಸಲ ವ್ಯಾನಲ್ಲಿ ಹಾಯಿಸಿ. ಇವಳೇ ನೋಡ್ಲಿ. ಇವಳು ನೋಡದಿದ್ರೆ ನಾನು ಮುಟ್ಟಲ್ಲ."

ಸಂಗಡಿಗರು ಹ್ಞೂಂಗುಟ್ಟಿದರು. ಅಧಿಕಾರಿ ಮೇಲ್ವಿಚಾರಕನ ಮುಖ ನೋಡಿದ. ಅವನು ನೆಲ ನೋಡಿದ. ತುಂಬಿದ ಲಾರಿಗಳು ಬೀದಿಯ ತುದಿಯ ತನಕ ನಿಂತಿದ್ದುವು.

"ನನ್ ಕೈಲಾಗಲ್ಲ ಅಕ್ಕ," ಎಂದಳು ತಂಗಿ ಮೆಲ್ಲಗೆ. "ಕೈ ಇನ್ನೂ ನಡುಗ್ತಿದೆ ನೋಡು."

"ನಿನ್ ಕೈ ಯಾರಿಗೆ ಬೇಕೇ? ಕಣ್ಣು ಬೇಕು. ನಡಿ."

ಅಧಿಕಾರಿ ಬೇಡವೆನ್ನಲಿಲ್ಲ, ಹೊಸಬರು ಬರುವ ತನಕ ಮಾತ್ರ ಎಂದು ಗೊಣಗಿದ. ತಂಗಿ ವ್ಯಾನಿನ ಮೆಟ್ಟಿಲು ಹತ್ತಿ ಒಳಗೆ ಕುಳಿತಳು. ಮೆಲ್ಲಣ್ಣ ತನ್ನ ಅಗುಳಿಯ ಬಳಿಗೆ ಹೋದ. ಮೇಲ್ವಿಚಾರಕನು, ಅಭ್ಯಾಸಬಲದಿಂದಲೋ ಏನೋ, ಅವಳ ಹಿಂದೆಯೇ ಮೆಟ್ಟಿಲಿಗೆ ಕಾಲಿಟ್ಟ. ಅಷ್ಟರಲ್ಲಿ ಅಕ್ಕ ಆ ಮೆಟ್ಟಿಲ ಮೇಲೆಯೇ ಬಾಗಿಲಿಗೆ ಅಡ್ಡಲಾಗಿ ಕುಳಿತುಬಿಟ್ಟಿದ್ದಳು, ಮಡಿಸಿದ ತೋಳನ್ನು ಮಡಿಲಲ್ಲಿಟ್ಟುಕೊಂಡು.

"ಏನ್ ಬೇಕಿತ್ತು?" ಎಂದಳು.

"ಏನಿಲ್ಲ, ಎಷ್ಟಾಯ್ತು ಅಂತ..."

"ನನ್ನ ಕೇಳಿ. ಆದ ಮೇಲೆ ಹೇಳ್ತೀನಿ. ಒಳಗೆ ಅವಳು ಕೆಲಸ ಮಾಡ್ತಿದ್ದಾಳೆ."

ಬೆನ್ನ ಹಿಂದೆ ವ್ಯಾನಿನ ಬೆಲ್ಟು ಉರುಳತೊಡಗಿತು.